ಉಂಗುರ

ಹಳೆಯ ಮೈಕ್ರೋಸ್ಕೋಪು ಒಮ್ಮೆಗೆ ಒಂದು ಬೊಟ್ಟಿನಷ್ಟೇ ತೋರಿಸುತ್ತಿತ್ತು.
ಗಾಜು ಸರಿಸು, ಎಣಿಸು, ಮತ್ತೆ ಸರಿಸು.
ಮೂರು ಬೊಟ್ಟು ನೋಡಿ ನಾನೇ ಬರೆದುಕೊಟ್ಟಿದ್ದೆ:
ಪರಾಗ ಚೊಲೋ ಇದೆ.
ಕಾಯಿ ಕಟ್ಟದ್ದಕ್ಕೆ ಗುತ್ಯವ್ವನ ಕೈ ದೂರಿ
ಹನ್ನೊಂದು ದಿನದ ಪಗಾರ ಹಿಡಿದರು.

ರಾಣೆಬೆನ್ನೂರಿನ ಬೀಜದ ಕಂಪನಿ, ಹಿತ್ತಲ ಖೋಲಿ.
ಈಗ ಬಂದದ್ದಕ್ಕೆ ಮಸೂರವೇ ಇಲ್ಲ:
ಕ್ಯಾಮೆರಾದ ಬರಿ ಚಿಪ್,
ಅದರ ಮೈಮೇಲೇ ಆವತ್ತಿನ ಅದೇ ಗಾಜು,
ಸೂಜಿತೂತಿನಿಂದ ಇಳಿಯುವ ನೀಲಿ ಬೆಳಕು.

"ಇದರ ಚಾಳೀಸು ಎಲ್ಲೈತ್ರೀ?"
ಇಲ್ಲವ್ವಾ.
"ಹಂಗಾರ ಇದಕ್ಕಿನ್ನೂ ನಲವತ್ತು ತುಂಬಿಲ್ಲ."

ಕಣ ಕಾಣಲಿಲ್ಲ. ನೆರಳು ಕಂಡಿತು,
ನೆರಳ ಸುತ್ತ ಉಂಗುರ, ಉಂಗುರದ ಸುತ್ತ ಉಂಗುರ,
ತುಂಗಭದ್ರೆಗೆ ಹುಡುಗರು ಹಿಡಿಗಟ್ಟಲೆ ಹರಳು ಎಸೆದಂತೆ.
ಅಲೆಯಿಂದ ಹಿಂದಕ್ಕೆ ನಡೆದು
ಒಂದೊಂದು ಹರಳು ಬಿದ್ದ ಜಾಗ ಹುಡುಕುವುದು ಲೆಕ್ಕದ ಕೆಲಸ;
ಕಂಪ್ಯೂಟರ್ ಮಾಡಿಕೊಳ್ಳಲಿ ಎಂದು ಚಹಾ ತರಿಸಿದೆ.
ಕಪ್ಪು ಹಿಡಿದ ಅವಳ ಹೆಬ್ಬೆರಳಲ್ಲಿ
ಪರಾಗದ ಪುಟ್ಟ ಬಟ್ಟಲಿನ ಉಂಗುರ ಹಾಗೇ ಇತ್ತು.
ಬೆಳಗಿನಿಂದ ಎಂಟುನೂರು ಟೊಮೆಟೊ ಹೂವಿನ ತುದಿ
ಅದರಲ್ಲಿ ಅದ್ದಿ ಬಂದಿದ್ದಳು.

ಚಹಾ ಆರುವ ಮೊದಲೇ ಗಾಜಿನ ಇಡೀ ಹರವು
ಒಂದೇ ಚಿತ್ರದಲ್ಲಿ: ಒಂಬತ್ತು ಸಾವಿರದ ನಾನೂರು ಚಿಲ್ಲರೆ.
ನಾನು ನೋಡಿದಂಥ ತುಂಬು ಕಾಳು
ಅಲ್ಲೊಂದು ಹಿಂಡು, ಇಲ್ಲೊಂದು ಹಿಂಡು.
ಮಿಕ್ಕದ್ದೆಲ್ಲ ಮುದುಡಿದ ಹೊಟ್ಟು,
ಫ್ರಿಜ್ಜು ಕೆಟ್ಟಿದ್ದ ವಾರದ್ದು.

"ಸತ್ತದ್ದನ್ನ ಹಚ್ಚಿದ್ನೇನ್ರೀ ನಾ, ಅಷ್ಟು ದಿನ?"
ಉಂಗುರ ತೆಗೆದು, ಸೆರಗಿಗೆ ಒರೆಸಿ,
ಮತ್ತೆ ತೊಟ್ಟಳು.

ಹೊಸ ವರದಿ ಬರೆದೆ.
ಹಳೆಯದನ್ನೂ ಅದರ ಬೆನ್ನಿಗೆ ಪಿನ್ನು ಹಾಕಿದೆ,
ನನ್ನ ಸಹಿ ಕಾಣುವ ಹಾಗೆ.