ಬೋಗುಣಿಯ ಲೆಕ್ಕ

ಇಲುಲಾದ ದಿಬ್ಬ ಹತ್ತುವಾಗ ಕಿಹ್ವೆಲೆಯ ಬೈಕು
ಎರಡು ಸಲ ಕೆಮ್ಮಿ ನಿಲ್ಲುತ್ತದೆ.
ಬಂದ, ನಮ್ಮ ಬ್ವಾನಾ ಶಾಂಬಾ, ಹೊಲದ ಸಾಹೇಬ:
ಸರ್ಕಾರದ ಸಂಬಳ, ಸ್ವಂತದ ಪೆಟ್ರೋಲು.

ಈ ಸಲ ಔಷಧಿಯ ಹೆಸರೆತ್ತಲಿಲ್ಲ.
ಒಂದು ಬೋಗುಣಿ ಕೊಡಿ ಅಜ್ಜಿ, ಅಂದ, ನೀರು, ಚೂರು ಸೋಪು.
ಟೊಮೆಟೊ ಸಾಲಿನ ನಡುವೆ ಇಟ್ಟು
ಮೇಲೊಂದು ರಬ್ಬರಿನ ತುಣುಕು ತೂಗಬಿಟ್ಟ.
ಮೂಸಿದೆ. ಏನೂ ಇಲ್ಲ.
“ನಿಮಗಲ್ಲ, ಗಂಡು ಪತಂಗಕ್ಕೆ.
ಅಲ್ಲಿಲ್ಲದ ಹೆಣ್ಣಿನ ವಾಸನೆ.”
ನಕ್ಕುಬಿಟ್ಟೆ. ನನ್ನ ಗಂಡನೂ ಹಾಗೇ ಹೋದದ್ದು,
ದಾರ್ ಎಸ್ ಸಲಾಮಿನ ಕಡೆ.

ಬೆಳಗ್ಗೆ ಎಣಿಸಿದೆ: ನಲವತ್ತೊಂದು.
ಒಲೆಯಿಂದ ಹಾರಿ ಬಿದ್ದ ಬೂದಿಯ ಹಾಗೆ.
ಇವುಗಳ ಮರಿಗಳೇ ಎಲೆಯೊಳಗೆ ಸುರಂಗ ತೋಡಿದ್ದು,
ಹಣ್ಣಿಗೆ ಸೂಜಿತೂತು ಹಾಕಿದ್ದು!

ಅವನು ಪುಸ್ತಕದಲ್ಲಿ ಬರೆದುಕೊಂಡ.
ಹಿಂದಿನ ಪುಟ ತಿರುವಿ, ತಡೆದು, ಹೇಳಿದ:
“ಹೋದ ವರ್ಷ ಮೂರು ಸಲ ಹೊಡೆಯಿರಿ ಅಂದಿದ್ದೆ.
ಆ ಔಷಧಿ ಇವಕ್ಕೆ ತಾಗುವುದೇ ಇಲ್ಲ.
ತಪ್ಪು ನನ್ನದು.”

ಕಚೇರಿಯವರ ಬಾಯಲ್ಲಿ ಈ ಮಾತು
ಅರುವತ್ತೆರಡು ವರ್ಷದಲ್ಲಿ ಕೇಳಿರಲಿಲ್ಲ.
ಏನನ್ನಲಿ ತಿಳಿಯದೆ
ಬೋಗುಣಿಯ ನೀರು ಚೆಲ್ಲಿ, ಹೊಸದು ತುಂಬಿ,
ಅವನ ಹೆಲ್ಮೆಟ್ಟಿಗೆ ಆರು ಹಣ್ಣು ಹಾಕಿದೆ.
ಒಂದಕ್ಕೆ ತೂತಿತ್ತು.
ನೋಡಿದ. ತೆಗೆದಿಡಲಿಲ್ಲ.