ಒಂದು ಮಿಲಿಆಂಪಿಯರ್

ಶಕ್ತಿನಗರದಲ್ಲಿ ಬಾಯ್ಲರಿಗೆ ಕಾವಲು ಕೂತು
ನೌಕರಿ ಮುಗಿಸಿದವನು ಅಪ್ಪ.
ಮೆಗಾವ್ಯಾಟಿಗಿಂತ ಕೆಳಗಿನ ಮಾತೇ ಅವನಿಗೆ ಸೇರದು.
ನಿನ್ನ ಮಷೀನಿನ್ಯಾಗ ಎಷ್ಟು ಕರೆಂಟದವ್ವ, ಅಂದ.
ಒಂದು ಮಿಲಿಆಂಪಿಯರ್, ಅಂದೆ.
ಇರುವಿ ಕಚ್ಚಿದ್ರ ಇದಕಿಂತ ಜೋರು ಅಂತ ನಕ್ಕ.

ಇವತ್ತು ಮೇಜಿನ ಮೇಲೆ ಹುಲಿಗೆಮ್ಮ,
ಹದಿನಾರು ವರ್ಷದಿಂದ ಸಿಂಧನೂರು ಗಾಡಿಯ ಕಂಡಕ್ಟರು.
ಕೊರಳಲ್ಲಿ ನಿಂಬೆಹಣ್ಣಿನಷ್ಟು ಗಂಟು,
ಖಾಕಿ ಅಂಗಿಯ ಮೇಲಿನ ಗುಂಡಿ ಹಾಕಲು ಬಿಡುತ್ತಿರಲಿಲ್ಲ.
ನಿನ್ನೆ ಸಹಿ ಮಾಡುವಾಗ ಪೆನ್ನು ತಡೆದು ಕೇಳಿದಳು:
"ದನಿ ಹೋಗ್ತದೇನು?"
"ಅದನ್ನ ಕಾಯಾಕಂತನ ನಾ ಕುಂದರ್ತೀನಿ," ಅಂದುಬಿಟ್ಟೆ.
ಅನ್ನಬಾರದಿತ್ತು.

ದನಿಯ ನರಕ್ಕೊಂದು ಹುಚ್ಚು ದಾರಿ.
ಗಂಟಲ ಪಕ್ಕದಲ್ಲೇ ಹಾದರೂ ಇಳಿಯುವುದಿಲ್ಲ,
ಎದೆಯ ತನಕ ಹೋಗಿ, ದೊಡ್ಡ ರಕ್ತನಾಳವನ್ನು ಸುತ್ತುಹಾಕಿ
ಮತ್ತೆ ಮೇಲೆ ಬರುತ್ತದೆ,
ಮಾನ್ವಿ ಸ್ಟ್ಯಾಂಡಿನೊಳಗೆ ಹೊಕ್ಕು, ಒಂದು ಸುತ್ತು ಹೊಡೆದು
ಅದೇ ಗೇಟಿನಿಂದ ಹೊರಬೀಳುವ ಬಸ್ಸಿನಂತೆ.
ಸೀರೆಯ ಅಂಚಿನ ಒಂದು ಎಳೆಯಷ್ಟು ದಪ್ಪ.
ಅದರ ಮೇಲೆ ಕಲ್ಲೂರು, ಕಪಗಲ್, ಪೋತ್ನಾಳ್, ಜವಳಗೇರಾ,
ಚಿಲ್ಲರೆ ಕೊಡ್ರಿ, ಒಳಗ ನಡೀರಿ, ಹಿಂದ ಜಾಗ ಅದ.

ಡಾಕ್ಟರ್ ಇರ್ಫಾನಾ ಸಲಾಕೆಯ ತುದಿ ತಾಗಿಸುತ್ತಾರೆ.
ಟಕ್. ಟಕ್. ಟಕ್.
ನಿದ್ದೆಯಲ್ಲಿದ್ದವಳ ಗಂಟಲು ಒಳಗೊಳಗೇ ಮಿಡಿಯುತ್ತದೆ,
ಕೊಳವೆಗೆ ಅಂಟಿದ ತಂತಿ ಕೇಳಿಸಿಕೊಂಡು ನನಗೆ ಹೇಳುತ್ತದೆ,
ಪರದೆಯ ಮೇಲೆ ಒಂದು ಹಸಿರು ಗುಡ್ಡ ಏಳುತ್ತದೆ.
"ನಾಗವೇಣಿ?"
"ಇದೆ ಮೇಡಂ. ಆರುನೂರ ನಲವತ್ತು."
ನನ್ನ ಕೆಲಸವೆಂದರೆ ಇಷ್ಟೇ, ಇದೆ ಅನ್ನುವುದು.

ಗಂಟನ್ನು ಎಡಕ್ಕೆ ಎತ್ತಿದರು.
ಮುನ್ನೂರು, ಅಂದೆ.
ಕೈ ಸಡಿಲಿಸಿದರು.
ನೂರ ಎಂಬತ್ತು.
ತೊಂಬತ್ತು.
ಆಮೇಲೆ ಗುಡ್ಡವಿದ್ದಲ್ಲಿ ಬಯಲು.

ಮೊದಲು ನನ್ನದನ್ನೇ ಅನುಮಾನಿಸಿದೆ.
ಪ್ಲಗ್ಗು, ನೆಲದ ತಂತಿ, ಸಲಾಕೆ.
ಅರಿವಳಿಕೆಯ ಸತ್ಯನಾರಾಯಣ ಸರ್ ಕೊಳವೆ ತಿರುಗಿಸಿ ನೋಡಿದರು,
ಸ್ನಾಯು ಸಡಿಲಿಸುವ ಮದ್ದು ಇಳಿದು ಒಂದು ತಾಸಾಯಿತು ಎಂದರು.
ಕತ್ತಿನ ಮೇಲಿನ ದೊಡ್ಡ ನರಕ್ಕೆ ತಾಗಿಸಿದರೂ ಉತ್ತರವಿಲ್ಲ.
ಮೇಡಂ ಬೆರಳಿಟ್ಟು ಕಾದರು, ಮಿಡಿತವಿಲ್ಲ.
ಹತ್ತು ನಿಮಿಷ. ಇಪ್ಪತ್ತು.
ಏಸಿಯ ಗೊರಗೊರ ಬಿಟ್ಟರೆ ಯಾರದೂ ಸದ್ದಿಲ್ಲ.

ನರ ಮಾತ್ರ ಕಣ್ಣೆದುರೇ ನೆಟ್ಟಗೆ ಮಲಗಿತ್ತು,
ಕಡಿದಿಲ್ಲ, ಸುಟ್ಟಿಲ್ಲ, ಬೆಳ್ಳಗೆ, ಮುಂಚಿನಂತೆಯೇ.
ಅಪ್ಪ ಹೇಳುತ್ತಿದ್ದ:
ಕರೆಂಟಿದ್ದ ತಂತಿ, ಹೋದ ತಂತಿ, ನೋಡಾಕ ಎರಡೂ ಒಂದ.

ಬಲಗಡೆಯದು ಇನ್ನೂ ಬಾಕಿ.
ಇವತ್ತೇ ಮುಗಿಸಬಹುದಿತ್ತು, ಚೀಟಿಯಲ್ಲಿ ಹಾಗೇ ಬರೆದಿತ್ತು.
ಅದೂ ಹೀಗೇ ಮುನಿದರೆ
ದನಿಯಲ್ಲ, ಉಸಿರೇ ನಿಲ್ಲುತ್ತದೆ.
ಮೇಡಂ ಚಾಕು ತಟ್ಟೆಗಿಟ್ಟರು.
"ಸಾಕು, ಹೊಲಿಯೋಣ," ಅಂದರು.
ಮೂವತ್ತು ವರ್ಷ ಕೊಯ್ದ ಕೈ
ಹೀಗೆ ಖಾಲಿಯಾಗಿ ಗಾಳಿಯಲ್ಲಿ ನಿಂತದ್ದನ್ನು
ನಾನು ನೋಡಿದ್ದು ಇದೇ ಮೊದಲು.
ನನ್ನ ವಹಿಯಲ್ಲಿ ಬರೆದೆ:
ಎಡ, ಸೊನ್ನೆ. ಬಲ, ಮುಟ್ಟಿಲ್ಲ.

ಸಂಜೆ ವಾರ್ಡಿನಲ್ಲಿ ಮೇಡಂ ಅವಳಿಗೆ ಎಲ್ಲ ಬಿಡಿಸಿ ಹೇಳಿದರು,
ಬಹಳಷ್ಟು ಮಂದಿಗೆ ತಿಂಗಳುಗಳಲ್ಲಿ ತಿರುಗಿ ಬರುತ್ತದೆ ಎಂದೂ
ಎಲ್ಲರಿಗೂ ಅಲ್ಲ ಎಂದೂ.
ನಾನು ಕಿಟಕಿಯ ಕಡೆ ನೋಡುತ್ತ ನಿಂತಿದ್ದೆ.
ಹುಲಿಗೆಮ್ಮ ಕೊರಳ ಪಟ್ಟಿ ಮುಟ್ಟಿಕೊಂಡಳು.
ಪಂಕ್ಚರಾದ ಟ್ಯೂಬಿನಿಂದ ಹೊರಡುವ ಗಾಳಿಯಂತೆ
ಒಂದೊಂದೇ ಅಕ್ಷರ ದೂಡಿದಳು:
"ಹಂಗಾರ... ಅರ್ಧ... ಟಿಕೀಟೇನು?"
ಮೇಡಂ ನಕ್ಕರು. ನನಗಾಗಲಿಲ್ಲ.

"ಈ ಅನ್ರಿ ನೋಡೋಣ, ಉದ್ದಕ್ಕ."
ಅವಳು ಈ ಅನ್ನಲಿಲ್ಲ.
ನನ್ನ ಕಡೆ ತಿರುಗಿ, ದಿಂಬಿನ ಪಕ್ಕದ ಕಬ್ಬಿಣದ ಸರಳನ್ನು
ಎರಡು ಸಲ ತಟ್ಟಿ,
ತುಟಿಯಲ್ಲಿ ಮಾತ್ರ ಅಂದಳು:
ರೈಟ್.