ಹತ್ತು ಗಂಟೆಗೆ ಮೊದಲು

ಬೂಟಿನ ಲಾಡಿ ಬಿಗಿ, ಲಿಯೊನಿಲ್ಡೆ.
ಚಪ್ಪಲಿಯಲ್ಲಿ ಹುಲ್ಲು ಕತ್ತರಿಸಿದವನ ಕಾಲು ಹೀಗಿರುತ್ತದೆ, ನೋಡು:
ಮೊಣಕಾಲ ಕೆಳಗೆ ಅವರೆಕಾಳಿನಷ್ಟು ಗುಳಿ.
ಕಲ್ಲು ಚಿಕ್ಕದೇ,
ಬಂದ ವೇಗ ಚಿಕ್ಕದಲ್ಲ.

ಐದು ಲೀಟರು ಪೆಟ್ರೋಲಿಗೆ ನೂರು ಮಿಲಿ ಆಯಿಲು.
ಕಣ್ಣಳತೆ ಬೇಡ, ಇದು ಸಾರಿಗೆ ಹಾಕುವ ಉಪ್ಪಲ್ಲ.
ಹೆಚ್ಚಾದರೆ ಹೊಗೆ. ಕಮ್ಮಿಯಾದರೆ
ಪಿಸ್ಟನ್ನು ತನ್ನನ್ನು ತಾನೇ ತಿನ್ನುತ್ತದೆ.
ಡಬ್ಬಿ ಕುಲುಕು, ತೊಟ್ಟಿಲು ತೂಗುವಂತಲ್ಲ,
ಸಾಲ ತೀರಿಸದ ಭಾವಮೈದುನನ
ಹೆಗಲು ಹಿಡಿದು ಕುಲುಕುವಂತೆ.

ಬರಿನೆಲದ ಮೇಲಿಟ್ಟು ತುಂಬು. ಚೆಲ್ಲಿದ್ದನ್ನು ಒರೆಸು.
ತುಂಬಿದಲ್ಲೇ ಚಾಲೂ ಮಾಡಬೇಡ, ಹತ್ತು ಹೆಜ್ಜೆ ಆಚೆ ನಡೆ.
ನನ್ನಪ್ಪ ಎದೆಯ ಮೇಲೆ ಶಿಲುಬೆ ಬರೆದುಕೊಂಡು ಹಗ್ಗ ಎಳೆಯುತ್ತಿದ್ದ.
ನೀನೂ ಬರೆದುಕೋ ಬೇಕಾದರೆ,
ಮೊದಲು ಮುಚ್ಚಳ ತಿರುಪಿದೆಯಾ ನೋಡು.

ಚೋಕು. ಹಗ್ಗ. ಇನ್ನೊಮ್ಮೆ.
ಕೆಮ್ಮಿತೇ? ಚೋಕು ಒಳಗೆ ತಳ್ಳು.
ಮತ್ತೆ ಎಳೆ.
ಹೂಂ, ಈಗ ಎದ್ದಿತು.

ಭಾರ ಸೊಂಟಕ್ಕೆ ಇಳಿಯಲಿ, ತೋಳಿಗಲ್ಲ.
ಇಳಿಜಾರಿನಲ್ಲಿ ಅಡ್ಡಡ್ಡ ನಡೆ, ಮೇಲೆ ಕೆಳಗೆ ಬೇಡ.
ದಾರದ ತುದಿಗೆ ಮಾತ್ರ ಕೆಲಸ ಕೊಡು,
ಬುಡ ತುರುಕಿದರೆ ಹುಲ್ಲು ಸುತ್ತಿಕೊಳ್ಳುತ್ತದೆ.
ಸುತ್ತಿಕೊಂಡರೆ, ಕೇಳು, ಎಂಜಿನ್ನು ಪೂರ್ತಿ ನಿಲ್ಲಿಸಿ, ಆಮೇಲೆ ಕೈ.
ಇದಾಲಿನಾ ಅಜ್ಜಿ ಕಾಫಿ ಹಿಡಿದು ಹಿಂದಿನಿಂದಲೇ ಬರುತ್ತಾಳೆ,
ಹದಿನೈದು ಮೀಟರು ಅಂದರೆ ಅವಳಿಗೆ ಅವಮಾನ.
ಆಗಾಗ ತಿರುಗಿ ನೋಡುತ್ತಿರು.

ಕಿವಿಗೆ ಮುಚ್ಚಳ ಹಾಕು. ನಾನು ಹಾಕಲಿಲ್ಲ.
ನನ್ನ ಎಡಗಡೆ ಕೂತವರಿಗೆಲ್ಲ ಸುಮ್ಮನೆ ತಲೆಯಾಡಿಸುತ್ತೇನೆ,
ಹಾಗೆ ಆಡಿಸಿಯೇ ಒಮ್ಮೆ ಸಂತೆಯಲ್ಲಿ
ಒಳ್ಳೆಯ ಹೇಸರಗತ್ತೆ ಕಳೆದುಕೊಂಡೆ.

ಲಿಸ್ಬನ್ನಿನಿಂದ ಬಂದವಳು ನೀನು, ಕೇಳುತ್ತೀಯ:
ಈ ಮುಳ್ಳುಪೊದೆಗೆ ನೈಲಾನ್ ದಾರ ಯಾಕೆ,
ಶೆಡ್ಡಿನಲ್ಲಿ ಮೊಳೆಗೆ ನೇತುಹಾಕಿದ ಉಕ್ಕಿನ ಬಿಲ್ಲೆ ಇಲ್ಲವೇ?
ಇದೆ. ಮೂರು ಹಲ್ಲು ಮುರಿದಿವೆ.

ಹನ್ನೊಂದು ವರ್ಷದ ಹಿಂದೆ. ಜೂನು. ಹನ್ನೊಂದೂವರೆ.
ಏಪ್ರಿಲಿನಲ್ಲಿ ಮುಗಿಸಬೇಕಿದ್ದ ಕೆಲಸ,
ಮನೆ ಸುತ್ತ ಐವತ್ತು ಮೀಟರು ಬೋಳಿಸುತ್ತಿದ್ದೆ,
ಬೆಂಕಿ ಬಾರದಿರಲೆಂದು.
ಬಿಲ್ಲೆ ಕಲ್ಲಿಗೆ ತಾಗಿತು.
ಸಾಸಿವೆಗಿಂತ ಚಿಕ್ಕದು, ಕೆಂಪಗೆ,
ಹಾರಿ ಹುಲ್ಲೊಳಗೆ ಹೋಯಿತು. ನೋಡಿದೆ.
ನೋಡಿಯೂ ಇನ್ನೆರಡು ಸಲ ಬೀಸಿದೆ.

ಮೇಲಿನ ನೀಲಗಿರಿ ತೋಪು ತಲುಪುವ ಮೊದಲು ಗಾಳಿ ತಿರುಗಿತು.
ಹಾಗಾಗಿ ಹೋದದ್ದು ಅಮಾನ್ಸಿಯುವಿನ ಮೆಟ್ಟಿಲು ಹೊಲ,
ಅವನ ಆಲಿವ್ ಮರಗಳು,
ಏಳು ಜೇನುಪೆಟ್ಟಿಗೆ.
ಒಡೆದ ಬಾಟಲಿಯ ಗಾಜು, ಬಿಸಿಲು ಅಂದರು ಊರವರು.
ನಾನು ತಲೆಯಾಡಿಸಿದೆ.
ಅವತ್ತು ಎಲ್ಲವೂ ಸರಿಯಾಗಿ ಕೇಳಿಸಿತ್ತು.

ಉಳಿದೆರಡು ಪೆಟ್ಟಿಗೆಯ ಜೇನು ಆ ಶರತ್ಕಾಲ
ಅಮಾನ್ಸಿಯು ತಂದುಕೊಟ್ಟ, ಬೆಂಕಿ ಆರಿಸಲು ಓಡಿ ಬಂದದ್ದಕ್ಕೆ.
ಆ ಭರಣಿ ಅಲ್ಲೇ ಇದೆ, ಬಿಲ್ಲೆಯ ಕೆಳಗೆ,
ಸ್ಪಾರ್ಕ್ ಪ್ಲಗ್ಗುಗಳ ಪಕ್ಕ.
ಗಟ್ಟಿಯಾಗಿದೆ. ಮುಚ್ಚಳ ತೆಗೆದಿಲ್ಲ.

ಸರಿ. ಏನು ಹೇಳುತ್ತಿದ್ದೆ?
ಸಂಜೆ ಗಾಳಿಯ ಫಿಲ್ಟರು ಸೋಪುನೀರಲ್ಲಿ ತೊಳೆ,
ಒತ್ತು, ಹಿಂಡಬೇಡ, ನೆರಳಲ್ಲಿ ಒಣಗಿಸು.
ಸೈಲೆನ್ಸರಿನ ಜಾಲರಿಯಲ್ಲಿ ಮಸಿ ಕಟ್ಟಿದರೆ ಬ್ರಷ್ಷಿನಿಂದ ಉಜ್ಜು,
ಕಿಡಿಗೆ ಅದೊಂದೇ ಬಾಗಿಲು.
ಚಳಿಗಾಲಕ್ಕೆ ಟ್ಯಾಂಕು ಖಾಲಿ ಮಾಡು,
ನಿಂತ ಪೆಟ್ರೋಲು ಅಂಟಾಗುತ್ತದೆ, ಹೇಳದೆ ಉಳಿದ ಮಾತಿನ ಹಾಗೆ...
ಬಿಡು, ಅಂಟಾಗುತ್ತದೆ, ಅಷ್ಟೆ.

ಇವತ್ತು ಅಮಾನ್ಸಿಯುವಿನ ಅಂಚು. ಹುಲ್ಲು ಸೊಂಟದವರೆಗಿದೆ.
ಪೆಟ್ಟಿಗೆಗಳ ಹತ್ತಿರ ಯಂತ್ರ ಬೇಡ,
ಜೇನಿಗೆ ಈ ಸದ್ದು ಆಗುವುದಿಲ್ಲ.
ಅಲ್ಲಿ ನಾನು ಕುಡುಗೋಲಿನಿಂದ ಕೊಯ್ಯುತ್ತೇನೆ, ಒಬ್ಬನೇ.
ಅವನು ಬಂದು ಪಕ್ಕದಲ್ಲಿ ನಿಂತರೂ ನಿಲ್ಲಬಹುದು.
ನೀನು ಗಡಿಯಾರ ನೋಡುತ್ತಿರು.